ಮೊಗ್ಗಿನ ಪೋಸ್ಟರ್, ಮುದ್ದೆ ಕೋಲಿನ ವಿಧಾನಸಭೆ

ಮೂವತ್ತಮೂರನೇ ವಯಸ್ಸಿಗೆ ನಿವೃತ್ತಿಯಾದವರು ನಮ್ಮ ಗೌರಿಬಿದನೂರಿನಲ್ಲಿ ನನ್ನನ್ನು ಬಿಟ್ಟರೆ ಬೇರೆ ಯಾರೂ ಇರಲಾರರು. ಮಾರ್ಚ್ ತಿಂಗಳ ಕೊನೆಯ ಶುಕ್ರವಾರ ನಮ್ಮ ಸಂಸ್ಥೆಯ ಯೋಜನೆ ಮುಗಿಯಿತು, ಅದರ ಜೊತೆಗೆ ನನ್ನ ಕೆಲಸವೂ ಮುಗಿಯಿತು. ಚಿಕ್ಕಬಳ್ಳಾಪುರದ ಕಚೇರಿಯಲ್ಲಿ ನನಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟರು. ಪೇಟವನ್ನು ನಮ್ಮ ಯೋಜನಾಧಿಕಾರಿ ನಾಗರಾಜ್ ಸರ್ ತಮ್ಮ ತಲೆಗೆ ಅಳತೆ ನೋಡಿ ತಂದಿದ್ದರು. ಅದು ನನ್ನ ಮೂಗಿನವರೆಗೂ ಇಳಿಯಿತು. ಎಲ್ಲ ಫೋಟೊಗಳಲ್ಲೂ ನಾನು ಮೂಗಿನಿಂದ ಕೆಳಗೆ ಮಾತ್ರ ಇದ್ದೇನೆ.

ಮುಂದಿನ ಯೋಜನೆಗೆ ಸೇರಿದ ಮೂವರು ಹುಡುಗಿಯರು ಅವತ್ತು ನನ್ನನ್ನು ಮೂಲೆಗೆ ಎಳೆದುಕೊಂಡು ಹೋಗಿ, "ಅಕ್ಕಾ, ಟ್ರೈನಿಂಗಲ್ಲಿ ಹೇಳಿದ್ದು ಬಿಟ್ಟುಬಿಡಿ. ಈ ಕೆಲಸ ನಿಜವಾಗ್ಲೂ ಹೆಂಗಿರುತ್ತೆ ಹೇಳಿ" ಅಂದರು. ಪೇಟದೊಳಗಿನಿಂದ ಏನು ಹೇಳಲಿ? ಬರೆದು ಕೊಡುತ್ತೇನೆ ಎಂದೆ. ದಿನಚರಿ ಬರೆಯುವ ಅಭ್ಯಾಸ ನನಗೆ ಹೈಸ್ಕೂಲಿನಿಂದಲೂ ಇದೆ. ವಾರ, ತಿಥಿ, ಹೋದ ಊರು, ಬಂದ ಜನ, ಕೊಟ್ಟ ಟೀ ಎಲ್ಲವೂ ಅದರಲ್ಲಿರುತ್ತದೆ. ಕೊನೆಯ ಪುಟಗಳಲ್ಲಿ "ಮದುವೆ ಯಾವಾಗಮ್ಮಾ?" ಎಂದು ಕೇಳಿದವರ ಲೆಕ್ಕವೂ ಇದೆ. ನಾಲ್ಕು ಗೀಟು, ಅದರ ಮೇಲೊಂದು ಅಡ್ಡ ಗೀಟು. ಆ ಪುಟಗಳನ್ನು ದೂರದಿಂದ ನೋಡಿದರೆ ಹೂವಿನ ತೋಟದ ಬೇಲಿಯಂತೆ ಕಾಣುತ್ತವೆ.

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ಯಾವ ವೈದ್ಯಕೀಯ ಕಾರಣವೂ ಇಲ್ಲದೆ ಹೆಣ್ಣುಮಕ್ಕಳ ಜನನಾಂಗದ ಭಾಗವನ್ನು ಕತ್ತರಿಸುವ ಪದ್ಧತಿಯೊಂದು ಲೋಕದ ಹಲವು ಕಡೆ ಇದೆ, ನಮ್ಮ ದೇಶದಲ್ಲೂ ಕೆಲವರಲ್ಲಿ ಇದೆ. ಇದಕ್ಕೆಂದೇ ನಮ್ಮಲ್ಲಿ ಪ್ರತ್ಯೇಕ ಕಾನೂನಿಲ್ಲ. ಬೇಕೋ ಬೇಡವೋ ಎಂಬ ಚರ್ಚೆ ಕೋರ್ಟಿನಲ್ಲೂ ಹೊರಗೂ ನಡೆಯುತ್ತಲೇ ಇದೆ. ಆ ಪದ್ಧತಿಯ ವಿರುದ್ಧ ಅರಿವು ಮೂಡಿಸುವುದು, ಕಾನೂನಿನ ಬಗ್ಗೆ ಜನ ಮಾತಾಡುವಂತೆ ಮಾಡುವುದು ನಮ್ಮ ಕೆಲಸ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ನಮ್ಮ ಪಾಲಿಗೆ ಬಂದಿದ್ದವು.

ಒಂದೇ ತೊಂದರೆ. ನಮ್ಮ ಹಳ್ಳಿಗಳಲ್ಲಿ ಆ ಪದ್ಧತಿಯೇ ಇರಲಿಲ್ಲ.

ಊರುಗಳ ಪಟ್ಟಿ ಮಾಡಿದವರು ಬೆಂಗಳೂರಿನಲ್ಲಿದ್ದರು. ಇಲ್ಲದ್ದನ್ನು ನಿಲ್ಲಿಸಲು ನಾವು ಜೀಪಿನಲ್ಲಿ ಮೈಕು ಕಟ್ಟಿಕೊಂಡು ಹೊರಟೆವು. ಮೊದಲ ಸಭೆ ಪೆರೇಸಂದ್ರದಲ್ಲಿ. ನಾನು ಗಂಟಲು ಒಣಗಿಸಿಕೊಂಡು ಎಲ್ಲ ವಿವರಿಸಿದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಗಟ್ಟಿಮುಟ್ಟಾದ ಹೆಂಗಸೊಬ್ಬಳು ಸೆರಗು ಸೊಂಟಕ್ಕೆ ಸಿಗಿಸಿ ಎದ್ದೇ ನಿಂತಳು.

"ಯಾವನಮ್ಮ ಅವ್ನು? ಎಲ್ಲವ್ನೆ? ಅಡ್ರೆಸ್ ಕೊಡು."

"ಒಬ್ಬರು ಅಂತಲ್ಲ ಅಮ್ಮ, ಅದೊಂದು ಪದ್ಧತಿ..."

"ಪದ್ಧತಿಗೂ ಮನೆ ಮಠ ಇರ್ತದೆ ತಾನೆ? ಜೀಪಲ್ಲಿ ಹತ್ತು ಜನ ಹಿಡೀತೀವಿ. ನಡೀರೇ!"

ನಿಜವಾಗಿಯೂ ಹತ್ತಿಬಿಟ್ಟರು. ಇಬ್ಬರ ಕೈಯಲ್ಲಿ ಕುಡುಗೋಲಿತ್ತು. ಅವರನ್ನು ಇಳಿಸಲು ನಾಗರಾಜ್ ಸರ್ ಎಲ್ಲರಿಗೂ ಎರಡು ಸಲ ಟೀ ಕುಡಿಸಬೇಕಾಯಿತು. ಅವತ್ತಿನ ದಿನಚರಿಯಲ್ಲಿ "ಜನರ ಸ್ಪಂದನೆ: ಅತಿ" ಎಂದು ಬರೆದಿದ್ದೇನೆ.

ನಾಗರಾಜ್ ಸರ್ ಬಗ್ಗೆ ಇಲ್ಲೇ ಹೇಳಬೇಕು. ನಾನು ಕಂಡ ಮೇಲಧಿಕಾರಿಗಳಲ್ಲಿ ಅವರಷ್ಟು ಒಳ್ಳೆಯವರಿಲ್ಲ, ಅವರಷ್ಟು ನಾಚಿಕೆಯವರೂ ಇಲ್ಲ. ಯೋಜನೆಯ ಹೆಸರಿನಲ್ಲಿದ್ದ ಮೂರು ಪದಗಳು ಒಂದು ದಿನವೂ ಅವರ ಬಾಯಿಂದ ಹೊರಬರಲಿಲ್ಲ. "ಆ ವಿಷಯ" ಎನ್ನುತ್ತಿದ್ದರು. ಒಮ್ಮೆ ಮಂಚೇನಹಳ್ಳಿಯ ಪಂಚಾಯಿತಿಯಲ್ಲಿ ಅಭಿವೃದ್ಧಿ ಅಧಿಕಾರಿಯ ಎದುರು ಅವರು ಮುಕ್ಕಾಲು ಗಂಟೆ "ಆ ವಿಷಯ"ದ ಬಗ್ಗೆ ಮಾತಾಡಿದರು. ಕೇಳಿದವರು ತಲೆದೂಗಿ, "ಖಂಡಿತ ಸಾರ್, ನಮ್ಮ ಪಂಚಾಯ್ತೀಲಿ ಎಲ್ಲಾ ಮನೇಗೂ ಕಟ್ಸಿ ಆಗಿದೆ. ಎರಡೇ ಬಾಕಿ, ನೀರಿನ ಪ್ರಾಬ್ಲಂ" ಎಂದರು. ಶೌಚಾಲಯದ ಫೋಟೊಗಳನ್ನೂ ತೋರಿಸಿದರು. ಸರ್ ಎಲ್ಲವನ್ನೂ ನೋಡಿ, ಚೆನ್ನಾಗಿವೆ ಎಂದು ಹೊಗಳಿ, ವಂದಿಸಿ ಹೊರಬಂದರು.

ನಾಚಿಕೆ ಅವರೊಬ್ಬರದೇ ಅಲ್ಲ, ಮೇಲಿನವರಿಗೂ ಇತ್ತು ಎಂದು ಪೋಸ್ಟರು ಬಂದಾಗ ಗೊತ್ತಾಯಿತು. ಯಾರ ಮನಸ್ಸಿಗೂ ನೋವಾಗಬಾರದೆಂದು ಅದರಲ್ಲಿ ಒಂದು ಗುಲಾಬಿ ಮೊಗ್ಗು, ಅದರ ಪಕ್ಕ ಒಂದು ಬ್ಲೇಡು, ಕೆಳಗೆ "ಮೊಗ್ಗನ್ನು ಕತ್ತರಿಸಬೇಡಿ, ಅರಳಲು ಬಿಡಿ" ಎಂದಿತ್ತು. ಬೇರೆ ಜಿಲ್ಲೆಯಲ್ಲಿ ಇದು ಏನಾಯಿತೋ ಗೊತ್ತಿಲ್ಲ. ನಮ್ಮದು ಗುಲಾಬಿ ಬೆಳೆಯುವ ಸೀಮೆ. ಸೋಮವಾರ ಅಂಟಿಸಿದೆವು, ಬುಧವಾರ ರೈತರು ಕಚೇರಿ ಬಾಗಿಲಿಗೆ ಬಂದರು.

"ಯಾರ್ರೀ ಇದನ್ನ ಬರೆದೋರು? ಮೊಗ್ಗಲ್ಲೇ ಕುಯ್ದೇ ಹೋದ್ರೆ ಹೂವಾಗಿ ಉದುರೋಗ್ತದೆ. ಮಾರ್ಕೆಟ್ಟಲ್ಲಿ ಯಾರು ತಗೋತಾರೆ, ನೀವಾ?"

"ಅಣ್ಣಾ, ಅದು ಗುಲಾಬಿ ಅಲ್ಲ," ಎಂದೆ.

"ಏನಮ್ಮಾ, ನಂಗೆ ಗುಲಾಬಿ ಗೊತ್ತಿಲ್ವಾ? ಇದು ತಾಜ್‌ಮಹಲ್ ತಳಿ. ಎಲೆ ನೋಡು!"

ಇನ್ನೊಬ್ಬರು ಮೆತ್ತಗೆ, ಬ್ಲೇಡಿಗೇನಾದರೂ ಸಬ್ಸಿಡಿ ಉಂಟಾ ಎಂದು ಕೇಳಿದರು. ನಾಗರಾಜ್ ಸರ್ "ಇದು ಆ ವಿಷಯ..." ಎಂದು ಶುರುಮಾಡಿ ನೀರು ಕುಡಿಯಲು ಒಳಗೆ ಹೋದವರು ಹೊರಗೆ ಬರಲೇ ಇಲ್ಲ. ಉಳಿದ ಪೋಸ್ಟರುಗಳನ್ನು ಕಚೇರಿಯ ಕಪಾಟುಗಳ ಹಲಗೆಗೆ ಹಾಸಿದೆವು, ಈಗಲೂ ಇವೆ. ಹೊಸ ಹುಡುಗಿಯರು ಕಪಾಟು ತೆರೆದಾಗ ಹೆದರಬಾರದು.

ಆಮೇಲೆ ಮೈಕು ಬಿಟ್ಟು ಮನೆಮನೆಗೆ ಹೋಗಿ ಕೂರುವ ಪದ್ಧತಿ ಬಂತು. ನಾವು ಹೇಳುವುದಕ್ಕಿಂತ ಕೇಳುವುದು ಹೆಚ್ಚಾಯಿತು. ಹಾಗೆ ಕೇಳುತ್ತಾ ಕೂತಾಗ ನಗರಗೆರೆಯಲ್ಲಿ ಅಕ್ಕಯ್ಯಮ್ಮ ಸಿಕ್ಕಿದರು. ಎಂಬತ್ತರ ಹತ್ತಿರದ ವಯಸ್ಸು, ಮನೆ ತುಂಬ ಮೊಮ್ಮಕ್ಕಳು, ಅರ್ಧ ಕನ್ನಡ ಅರ್ಧ ತೆಲುಗು. ನಾನು ಎಂದಿನಂತೆ, "ನಿಮ್ಮ ಕಡೆ ಇಂಥದ್ದೆಲ್ಲ ಇಲ್ಲ ಬಿಡಿ ಅಜ್ಜಿ, ಸುಮ್ಮನೆ ತಿಳಿದಿರಲಿ ಅಂತ..." ಎಂದೆ.

"ಇಲ್ಲ ಅಂತ ಯಾರು ಹೇಳಿದ್ದು ನಿಂಗೆ? ನಮ್ಮಲ್ಲೂ ಕೊಯ್ತಿದ್ರು. ಜಾಗ ಬೇರೆ, ಅಷ್ಟೇ."

ಬಲಗೈ ಮುಂದೆ ಚಾಚಿ ಕೊನೆಯ ಎರಡು ಬೆರಳು ತೋರಿಸಿದರು. ಅವರವು ಪೂರ್ತಿ ಇದ್ದವು. ಅವರ ಮುತ್ತಜ್ಜಿಯವು ಇರಲಿಲ್ಲವಂತೆ. ಹಳೆಯ ಕಾಲದಲ್ಲಿ ಈ ಸೀಮೆಯ ಕೆಲವು ಒಕ್ಕಲು ಮನೆಗಳಲ್ಲಿ ಮಗುವಿನ ಕಿವಿ ಚುಚ್ಚುವ ಮೊದಲು ಹೆತ್ತವಳು ತನ್ನ ಬೆರಳನ್ನು ದೇವಿಗೆ ಕೊಡಬೇಕಾಗಿತ್ತು. ಆಚಾರಿ ಉಳಿ ಇಟ್ಟು ತುದಿಯ ಗೆಣ್ಣು ತೆಗೆಯುತ್ತಿದ್ದನಂತೆ. ಆಮೇಲೆ ಸರ್ಕಾರ ಕೂಡದು ಎಂದಿತು.

"ಹೆಂಗಸರಿಗೆ ಖುಷಿಯಾಗಿರಬೇಕು," ಎಂದೆ.

"ಖುಷಿನಾ? ಗೋಳೋ ಅಂತ ಅತ್ರಂತೆ ಕಣಮ್ಮಾ! ದೇವ್ರು ಮುನಿಸ್ಕೊಂಡ್ರೆ ಮಕ್ಕಳ ಗತಿ ಏನು, ನಮ್ ಬೆರಳು ನಮ್ದು, ಕೇಳಕ್ಕೆ ಅವರ್ಯಾರು ಅಂತ ಜಗಳಕ್ಕೇ ಹೋದ್ರಂತೆ. ಈಗ ಬೆರಳಿಗೆ ಹೂವು ಸುತ್ತಿ ಹೂವು ಕತ್ತರಿಸ್ತೀವಿ. ಕೆಲವ್ರು ಚಿನ್ನದ ತಂತಿ ಸುತ್ತತಾರೆ."

"ದೇವರು ಮುನಿಸಿಕೊಂಡಳಾ?"

"ಎಲ್ಲಿ? ನೋಡು, ನಾನೂ ಔನಿ, ದೇವ್ರೂ ಔಳೆ. ಹತ್ತು ಬೆರಳಿದ್ರೆ ಮುದ್ದೆ ಕಟ್ಟಕ್ಕೂ ಸಲೀಸು."

ಆ ದಿನ ನನಗೆ ಕುಣಿಯುವಂತಾಯಿತು. ಇಲ್ಲದ ಊರಿನಲ್ಲಿ ಏನು ಮಾಡುತ್ತಿದ್ದೇವೆ ಎಂದು ಕೊರಗುತ್ತಿದ್ದವಳಿಗೆ ಆ ಊರೇ ಹಿಂದೊಮ್ಮೆ ಆ ದಾರಿ ದಾಟಿ ಬಂದಿದೆ ಎಂದು ತಿಳಿದಿತ್ತು. ಕಾನೂನು, ಪದ್ಧತಿ, ದೇವರು, ಅತ್ತೆ ಎಲ್ಲದರ ಜಗಳವನ್ನೂ ಇಲ್ಲಿನ ಮುದುಕಿಯರು ಮೊದಲೇ ಆಡಿ ಮುಗಿಸಿದ್ದರು. ಅಲ್ಲಿಂದ ಹುಟ್ಟಿದ್ದೇ ನಮ್ಮ ಅಣಕು ವಿಧಾನಸಭೆ. ನಾಲ್ಕೂ ತಾಲ್ಲೂಕುಗಳ ಸ್ವಸಹಾಯ ಸಂಘದ ಹೆಂಗಸರು ಶಾಸಕಿಯರು. ಈ ಪದ್ಧತಿಯನ್ನು ನಿಷೇಧಿಸುವ ಮಸೂದೆಯೊಂದರ ಮೇಲೆ ಚರ್ಚೆ. ಸಭಾಧ್ಯಕ್ಷೆ ಅಕ್ಕಯ್ಯಮ್ಮ. ಮರದ ಸುತ್ತಿಗೆ ಎಲ್ಲೂ ಸಿಗಲಿಲ್ಲ, ಅವರು ಮನೆಯಿಂದ ಮುದ್ದೆ ತಿರುವುವ ಕೋಲು ತಂದಿದ್ದರು.

ಜನವರಿಯ ಎರಡನೇ ಶನಿವಾರ, ಚಿಕ್ಕಬಳ್ಳಾಪುರದ ಒಂದು ಶಾಲೆಯ ಸಭಾಂಗಣ. ಶಿಡ್ಲಘಟ್ಟದ ಸದಸ್ಯೆಯರು ಮಸೂದೆ ಬೆಂಬಲಿಸಬೇಕಾದರೆ ರೇಷ್ಮೆಗೂಡಿನ ಬೆಲೆಯನ್ನೂ ಅದರಲ್ಲಿ ಸೇರಿಸಬೇಕೆಂದು ಪಟ್ಟು ಹಿಡಿದರು. ಗೌರಿಬಿದನೂರಿನವರು ಸಭಾತ್ಯಾಗ ಮಾಡಿದರು. ನೋಡಿದರೆ ಹೊರಗೆ ಟೀ ಬಂದಿತ್ತು. ಅಕ್ಕಯ್ಯಮ್ಮ ಮೇಜಿಗೆ ಕೋಲು ಬಡಿದು, "ಕೂತ್ಕೊಳ್ರೇ! ಮೈಕ್ ಕಿತ್ಕೊಂಡ್ರೆ ಇದೇ ಕೋಲಲ್ಲಿ ತಿರುವಿಬಿಡ್ತೀನಿ!" ಎಂದಾಗ ಮೇಜಿನ ಮೇಲಿದ್ದ ನೀರಿನ ಲೋಟ ನಾಗರಾಜ್ ಸರ್ ಮಡಿಲಿಗೆ ಹಾರಿತು.

ಅಂಥ ಗದ್ದಲದಲ್ಲಿ ಚಿಂತಾಮಣಿಯಿಂದ ಬಂದಿದ್ದ ತಸ್ನೀಮ್ ವಿರೋಧ ಪಕ್ಷದ ನಾಯಕಿಯಾಗಿ ಎದ್ದು ನಿಂತರು. ಸಂಘದ ಹೆಂಗಸರಿಗೆ ಸೀರೆಗೆ ಕುಚ್ಚು ಕಟ್ಟುವುದನ್ನು ಕಲಿಸುತ್ತಿದ್ದವರು, ಮಾತು ಕಡಿಮೆ. ಬೇರೆ ರಾಜ್ಯದಿಂದ ಬಂದು ಚಿಂತಾಮಣಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟ ಮನೆತನದ ಸೊಸೆ. ಆ ಸಮುದಾಯದ ಹೆಸರನ್ನು ನಾನು ಬೇಕೆಂದೇ ಬರೆಯುತ್ತಿಲ್ಲ. ಅದರೊಳಗೆ ಈ ಪದ್ಧತಿಯ ವಿರುದ್ಧ ಮೊದಲು ದನಿ ಎತ್ತಿದವರೂ ಅದೇ ಸಮುದಾಯದ ಹೆಂಗಸರು. ಹೊರಗಿನವರು ಆ ಹೆಸರನ್ನು ಕಲ್ಲಿನಂತೆ ಎಸೆಯುವುದು ನನಗೆ ಇಷ್ಟವಿಲ್ಲ.

"ಮಾನ್ಯ ಅಧ್ಯಕ್ಷರೇ," ಎಂದು ತಸ್ನೀಮ್ ಶುರುಮಾಡಿದರು. "ನಿಮ್ಮ ಕಾನೂನು ನನ್ನ ಮನೆ ಬಾಗಿಲಿಗೆ ಬಂದ್ರೆ ಯಾರನ್ನ ಹಿಡ್ಕೊಂಡು ಹೋಗುತ್ತೆ? ಬ್ಲೇಡ್ ಹಿಡಿದೋಳು ಸಿಗಲ್ಲ. ಸಿಗೋದು ನಮ್ಮ ಅತ್ತೆ. ನನ್ನ ಬಾಣಂತನ ಮಾಡಿದೋರು. ನಾನು ಜ್ವರ ಬಂದು ಮಲಗಿದ್ರೆ ರಾತ್ರಿಯೆಲ್ಲ ಕೂರೋರು. ಅವರು ಕೆಟ್ಟೋರಲ್ಲ. ಅವರಮ್ಮ ಅವರಿಗೆ ಮಾಡಿಸಿದ್ರು, ಇವರು ಮಾಡಿಸ್ತಾರೆ. ಹೇಳಿ, ಸೊಸೆ ಹೋಗಿ ಅತ್ತೆ ಮೇಲೆ ಕಂಪ್ಲೇಂಟ್ ಕೊಡ್ಬೇಕಾ? ಕೊಟ್ಟು ಅದೇ ಮನೇಲಿ ಅನ್ನ ಬಡಿಸ್ಬೇಕಾ?"

ಕೊನೆಗೆ ಮಸೂದೆಯೇನೋ ಪಾಸಾಯಿತು, ಆದರೆ ಅತ್ಯುತ್ತಮ ಭಾಷಣದ ಸ್ಟೀಲ್ ಡಬ್ಬಿ ತಸ್ನೀಮ್‌ಗೇ ಹೋಯಿತು. "ಏನು ಆಕ್ಟಿಂಗ್ ರೀ ಅವರದು!" ಎಂದು ನಾಗರಾಜ್ ಸರ್ ಒದ್ದೆ ಪ್ಯಾಂಟಿನಲ್ಲೇ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಊಟಕ್ಕೆ ಕೂತಾಗ ಅಕ್ಕಯ್ಯಮ್ಮ ತಸ್ನೀಮ್ ಪಕ್ಕಕ್ಕೆ ಸರಿದು ಕೂತರು. ನಾನು ಪಲ್ಯ ಬಡಿಸುತ್ತಿದ್ದೆ.

"ನಿನ್ ಮಗೀಗೆ ಎಷ್ಟು ವರ್ಸಮ್ಮ?"

"ಏಳು, ಅಜ್ಜಿ. ಇನ್ಸಿಯಾ ಅಂತ."

"ಯಾವಾಗ ಕರ್ಕೊಂಡು ಹೋಗ್ತಾರೆ?"

ತಸ್ನೀಮ್ ಅನ್ನದಲ್ಲಿ ಬೆರಳಾಡಿಸಿದರು. "ಬೇಸಿಗೆ ರಜೆಗೆ. ಅತ್ತೆ ಊರಿಗೆ."

ಪಲ್ಯದ ಸೌಟು ನನ್ನ ಕೈಯಲ್ಲಿ ಹಾಗೇ ನಿಂತಿತು. ನಾವು ನಾಟಕ ಆಡುತ್ತಿದ್ದ ಸಭೆಯಲ್ಲಿ ಅವರೊಬ್ಬರೇ ನಿಜ ಹೇಳಿದ್ದರು. ತಸ್ನೀಮ್ ಇನ್ನೊಂದು ಮಾತು ಹೇಳಿದರು. "ನನಗೂ ಏಳೇ ಆಗಿತ್ತು. ಹೊಸ ಚಪ್ಪಲಿ ಕೊಡಿಸ್ತೀವಿ ಅಂತ ಕರ್ಕೊಂಡು ಹೋದ್ರು. ಕೊಡಿಸಿದ್ರು ಕೂಡ. ಅದನ್ನ ನಾನು ಹಾಕ್ಲೇ ಇಲ್ಲ."

ಆ ದಿನದ ಪುಟದಲ್ಲಿ ನಾನು ಹಾಜರಾತಿ ಬರೆದಿಲ್ಲ.

ಮುಂದಿನ ತಿಂಗಳುಗಳಲ್ಲಿ ನಾನು ತಸ್ನೀಮ್‌ಗೆ ತಿಳಿದಿದ್ದೆಲ್ಲ ಹೇಳಿದೆ. ಪ್ರತ್ಯೇಕ ಕಾನೂನಿಲ್ಲದಿದ್ದರೂ ಮಗುವಿನ ಮೈಗೆ ಹಾನಿ ಮಾಡುವುದರ ವಿರುದ್ಧ ಇರುವ ಕಾನೂನುಗಳಿವೆ, ಮಕ್ಕಳ ಸಹಾಯವಾಣಿ ಇದೆ, ಒಂದು ಮಾತು ಹೇಳಿದರೆ ನಾವು ಜೊತೆಗೆ ನಿಲ್ಲುತ್ತೇವೆ ಎಂದೆ. ಅವರು ನಂಬರು ಬರೆದುಕೊಂಡರು. "ಬೇರೆ ದಾರೀನೇ ಇಲ್ಲ ಅಂದ್ರೆ ಫೋನ್ ಮಾಡ್ತೀನಿ. ಮಾಡೇ ಮಾಡ್ತೀನಿ. ಅಲ್ಲೀವರೆಗೂ ಅತ್ತೆ ಜೊತೆ ಮಾತಾಡೋಕೆ ಬಿಡಿ," ಎಂದರು. ಮಾತು ಮಾತ್ರ ಬಾಯಿಗೆ ಬರುತ್ತಿರಲಿಲ್ಲವಂತೆ.

ಬಾಯಿಗೆ ಬಂದದ್ದು ಅಕ್ಕಯ್ಯಮ್ಮನಿಗೆ. ಮಾರ್ಚಿನಲ್ಲಿ ಅವರ ಮರಿಮಗಳಿಗೆ ಕಿವಿ ಚುಚ್ಚುವ ಶಾಸ್ತ್ರವಿತ್ತು. ಮನೆಯ ಹೆಂಗಸರ ಸೀರೆಗಳಿಗೆಲ್ಲ ತಸ್ನೀಮೇ ಕುಚ್ಚು ಕಟ್ಟಿದ್ದು. ಸೀರೆ ತಂದುಕೊಡಲು ಬಂದವರನ್ನು ಅಕ್ಕಯ್ಯಮ್ಮ ಬಿಡಲಿಲ್ಲ, "ನಿಮ್ಮ ಅತ್ತೇನ್ನ ಕರ್ಕೊಂಡು ಬರದಿದ್ರೆ ನಿನ್ ಜೊತೆ ಮಾತಿಲ್ಲ" ಎಂದರು. ಅತ್ತೆ ಬಂದರು. ಇನ್ಸಿಯಾ ಅಜ್ಜಿಯನ್ನು ದಾದಿಮಾ ಎನ್ನುತ್ತಿದ್ದಳು, ನಾವೂ ಹಾಗೇ ಕರೆದೆವು. ನಲವತ್ತು ವರ್ಷ ಚಿಂತಾಮಣಿಯ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತವರು ತೆಲುಗನ್ನು ನೀರು ಕುಡಿದಂತೆ ಮಾತಾಡುತ್ತಿದ್ದರು. ಅಕ್ಕಯ್ಯಮ್ಮನಿಗೂ ಅವರಿಗೂ ಐದು ನಿಮಿಷದಲ್ಲಿ ಎಷ್ಟು ಸ್ನೇಹವಾಯಿತೆಂದರೆ, ಇಬ್ಬರೂ ಸೇರಿ ನನ್ನನ್ನು ಕರೆದು ಮದುವೆ ಯಾವಾಗ ಎಂದು ಕೇಳಿದರು. ಒಂದೇ ಬಾರಿಗೆ ಎರಡು ಗೀಟು.

ಮಗುವಿನ ತಾಯಿಯ ಬೆರಳಿಗೆ ಮಲ್ಲಿಗೆ ಸುತ್ತಿದರು. ಆಚಾರಿ ಕತ್ತರಿ ಇಟ್ಟ. ಹೂವು ತಟ್ಟೆಗೆ ಬಿತ್ತು, ಎಲ್ಲರೂ ನಕ್ಕರು. ದಾದಿಮಾ ಏಕೆ ಹೀಗೆ ಎಂದು ಕೇಳಿದರು. ಅಕ್ಕಯ್ಯಮ್ಮ ತೆಲುಗಿನಲ್ಲಿ ಮುತ್ತಜ್ಜಿಯ ಬೆರಳಿನಿಂದ ಶುರುಮಾಡಿ ಎಲ್ಲ ಹೇಳಿದರು. ದಾದಿಮಾ ಕೇಳಿದ್ದು ಒಂದೇ ಪ್ರಶ್ನೆ, ಅದು ನನಗೂ ಅರ್ಥವಾಯಿತು.

"ಮೊದಲು ಬೇಡ ಅಂದವಳು ಯಾರು?"

"ಅದು ಯಾರಿಗೂ ನೆನಪಿಲ್ಲಕ್ಕ. ಯಾವಳೋ ಒಬ್ಬ ಮುದುಕಿ ಇರ್ಬೇಕು. ಸೊಸೆ ಮಾತು ಯಾರು ಕೇಳ್ತಾರೆ?"

ದಾದಿಮಾ ಊಟಕ್ಕೆ ಕೂತ ಹೆಂಗಸರ ಕೈಗಳನ್ನು ಒಬ್ಬೊಬ್ಬರದಾಗಿ ನೋಡುತ್ತಿದ್ದರು. ಒಬ್ಬಟ್ಟು ಮಾತ್ರ ಮೂರು ತಿಂದರು.

ಏಪ್ರಿಲ್ ಬಂತು. ರಜೆ ಶುರುವಾದ ಶನಿವಾರ ತಸ್ನೀಮ್‌ಗೆ ಫೋನ್ ಮಾಡಿದರೆ ಸ್ವಿಚ್ ಆಫ್. ನಾಗರಾಜ್ ಸರ್ ಸ್ಕೂಟರಿನಲ್ಲಿ ನಾವಿಬ್ಬರೂ ಚಿಂತಾಮಣಿಗೆ ಹಾರಿದೆವು. ಅಂಗಡಿಯ ಷಟರ್ ಎಳೆದಿತ್ತು. ಪಕ್ಕದ ಬೇಕರಿಯವನು, "ಅಜ್ಜಿ, ಸೊಸೆ, ಮೊಮ್ಮಗಳು ಬ್ಯಾಗ್ ಹಿಡ್ಕೊಂಡು ಆಗ್ಲೇ ಬಸ್‌ಸ್ಟ್ಯಾಂಡ್ ಕಡೆ ಹೋದ್ರು" ಎಂದ.

ಬಸ್ ನಿಲ್ದಾಣದಲ್ಲಿ ಬೆಂಗಳೂರಿನ ಬಸ್ಸು ಹೊರಡುತ್ತಿತ್ತು. ನಾಗರಾಜ್ ಸರ್ ಸ್ಕೂಟರನ್ನು ಬಸ್ಸಿನ ಮುಂದೆಯೇ ನಿಲ್ಲಿಸಿಬಿಟ್ಟರು. ಕಂಡಕ್ಟರ್ ಇಳಿದು ಬಂದ. "ಏನ್ ಸಾರ್, ತಲೆ ಕೆಟ್ಟಿದ್ಯಾ? ಏನ್ ವಿಷಯ?"

"ಅದೇ... ಆ ವಿಷಯ..."

"ಯಾವ ವಿಷಯ ಸ್ವಾಮಿ? ಟೈಮಾಗ್ತಿದೆ!"

ಸರ್ ಒಮ್ಮೆ ಉಸಿರೆಳೆದುಕೊಂಡರು. ಆಮೇಲೆ ಇಡೀ ಬಸ್ ನಿಲ್ದಾಣಕ್ಕೆ ಕೇಳುವಂತೆ ಕೂಗಿದರು: "ಹೆಣ್ಣುಮಕ್ಕಳ! ಜನನಾಂಗ! ಛೇದನ! ಒಂದು ಮಗೂನ ಅದಕ್ಕೆ ಕರ್ಕೊಂಡು ಹೋಗ್ತಿದ್ದಾರೆ ಕಣ್ರೀ! ಬಸ್ ಬಿಡಬೇಡಿ!"

ಕಡಲೆಕಾಯಿ ಮಾರುವವಳ ಕೈಯಿಂದ ಸೇರು ಜಾರಿತು. ಡ್ರೈವರ್ ಇಂಜಿನ್ ಆರಿಸಿದ. ಇಷ್ಟು ವರ್ಷದ ನಮ್ಮ ಪ್ರಚಾರದಲ್ಲಿ ಅಷ್ಟು ಜನ ಅಷ್ಟು ಗಮನವಿಟ್ಟು ಎಂದೂ ಕೇಳಿರಲಿಲ್ಲ.

"ಕೂಗಬೇಡಿ ಸಾರ್. ಗೊತ್ತಾಯ್ತು."

ಹಿಂದಿನಿಂದ ದಾದಿಮಾ ದನಿ. ತಿರುಗಿ ನೋಡಿದರೆ ಮೂವರೂ ಎದುರು ಪ್ಲಾಟ್‌ಫಾರ್ಮಿನ ಹಳ್ಳಿ ಬಸ್ಸಿನಿಂದ ಇಳಿಯುತ್ತಿದ್ದರು. ಇನ್ಸಿಯಾಳ ಎರಡೂ ಕಿವಿಗಳಲ್ಲಿ ಬೇವಿನ ಕಡ್ಡಿ. ಕಣ್ಣಲ್ಲಿ ನೀರು, ಬಾಯಲ್ಲಿ ಲಾಲಿಪಪ್ಪು. ತಸ್ನೀಮ್ ಮುಖ ನೋಡಿದೆ. ಅವರು ನಗುತ್ತಿದ್ದರೋ ಅಳುತ್ತಿದ್ದರೋ ಹೇಳಲು ಬರುವಂತಿರಲಿಲ್ಲ. "ಚಾರ್ಜ್ ಖಾಲಿಯಾಗಿತ್ತು, ಸಾರಿ," ಎಂದರು.

"ಕಿವಿ ಚುಚ್ಚಿಸ್ಕೊಂಡು ಬಂದ್ವಿ," ಎಂದರು ದಾದಿಮಾ. "ಊರಿಗೆ ಫೋನ್ ಮಾಡಿ, ಮಗೂದು ಇಲ್ಲೇ ಮುಗಿಸಿಬಿಟ್ಟೆ ಅಂತ ನನ್ನ ತಂಗಿಗೆ ಹೇಳಿದೀನಿ. ಏನು ಮುಗಿಸಿದೆ ಅಂತ ಅವಳು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ಯಾರೂ ಬಂದು ನೋಡಲ್ಲ."

"ಆದ್ರೆ ಅದು ಸುಳ್ಳಲ್ವಾ ಅಮ್ಮ?" ಎಂದರು ನಾಗರಾಜ್ ಸರ್. ಕೂಗಿದ ಬಿಸಿ ಇನ್ನೂ ಆರಿರಲಿಲ್ಲ. "ಎಲ್ರೂ ಹಿಂಗೇ ಅಂದ್ರೆ ಪದ್ಧತಿ ಇದೆ ಅಂತಲೇ ಆಗುತ್ತಲ್ಲ?"

ದಾದಿಮಾ ಅವರನ್ನು ಮೇಲಿಂದ ಕೆಳಗೆ ನೋಡಿದರು. "ಮೊದಲು ಕಿವಿ ಮಾಯಲಿ ಸಾರ್. ಆಮೇಲೆ ನಿಜ ಹೇಳೋಣ."

ಆ ತಿಂಗಳ ವರದಿಯಲ್ಲಿ "ಸಾಧನೆ" ಎಂಬ ಜಾಗದಲ್ಲಿ ಏನು ಬರೆಯಬೇಕೆಂದು ನಾವು ಎರಡು ದಿನ ಜಗಳವಾಡಿದೆವು. ಕೊನೆಗೆ "ಬಸ್ ನಿಲ್ದಾಣದಲ್ಲಿ ಅರಿವು ಕಾರ್ಯಕ್ರಮ, ಜನ: ಒಂದು ಬಸ್ಸು" ಎಂದು ಬರೆದು ಕಳಿಸಿದೆವು.

ಇದಾಗಿ ನಾಲ್ಕು ವರ್ಷ. ನನ್ನ ಪೇಟದ ದಿನ ದಾದಿಮಾ, ತಸ್ನೀಮ್, ಇನ್ಸಿಯಾ ಮೂವರೂ ಬಂದಿದ್ದರು. ಶಾಲಿನ ಕುಚ್ಚು ತಸ್ನೀಮ್ ಕಟ್ಟಿದ್ದು. ನಾನು ಪೇಟ ಮೇಲಕ್ಕೆತ್ತಿ, "ದಾದಿಮಾ, ಕಿವಿ ಮಾಯ್ತಲ್ಲ. ತಂಗಿಗೆ ನಿಜ ಹೇಳಿದ್ರಾ?" ಎಂದು ಕೇಳಿದೆ.

"ಹೋದ ವಾರ ಹೇಳ್ದೆ. ನನ್ನ ಮೊಮ್ಮಗಳಿಗೆ ನಾನು ಏನೂ ಮಾಡಿಸ್ಲಿಲ್ಲ, ನಿಂಗೆ ಸುಳ್ಳು ಹೇಳಿದ್ದೆ, ಏನ್ ಬೇಕಾದ್ರೂ ಬಯ್ಯಿ ಅಂದೆ."

"ಬೈದರಾ?"

ದಾದಿಮಾ ಹೇಳಲು ಹೋದರು, ಆಗಲಿಲ್ಲ. ನಗು ಒತ್ತರಿಸಿ ಬಂದು ಕುರ್ಚಿ ಹಿಡಿದುಕೊಂಡರು. ಅವರ ಪರವಾಗಿ ತಸ್ನೀಮ್ ಹೇಳಿದರು.

"ಫೋನಲ್ಲಿ ಎಷ್ಟು ಹೊತ್ತಾದ್ರೂ ಸದ್ದೇ ಇಲ್ಲ ಕಣ್ರೀ. ಕಟ್ಟಾಯ್ತು ಅಂದ್ಕೊಂಡ್ವಿ. ಆಮೇಲೆ ಚಿಕ್ಕತ್ತೆ ನಗೋಕೆ ಶುರು ಮಾಡಿದ್ರು. ಅವರ ಮೊಮ್ಮಗಳದ್ದು ಆಯ್ತು ಅಂತ ಆರು ವರ್ಷದ ಹಿಂದೆ ಇವರಿಗೆ ಫೋನ್ ಮಾಡಿದ್ರು. ಅದೂ ಸುಳ್ಳಂತೆ. ಅಕ್ಕನಿಗೆ ಹೆದರಿ ಹೇಳಿದ್ರಂತೆ!"